ಕ್ರೈಸ್ತ ಮ್ಯಾನೇಜರ್, ಹಲವು ಧರ್ಮಗಳ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮಂಗಳೂರು, ಮೈಸೂರಿನ ಕಾರ್ಖಾನೆ, ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳಲ್ಲಿ ಸೂಪರ್‌ವೈಸರ್, ಟೀಮ್ ಲೀಡ್, ಮ್ಯಾನೇಜರ್ ಆಗಿರುವ ಕ್ರೈಸ್ತರು ಕೇಳುವ ಪ್ರಶ್ನೆಗಳಿವು. ಒಂದೆರಡು ಪ್ರಶ್ನೆಗಳು ಅವರ ಕೈಕೆಳಗೆ ಕೆಲಸ ಮಾಡುವವರದ್ದು. ಉತ್ತರಗಳು ಯಾವ ಕ್ರೈಸ್ತ ಸಭೆಯ (ಚರ್ಚಿನ) ಅಧಿಕೃತ ನಿಲುವೂ ಅಲ್ಲ. ಉತ್ಪಾದನಾ ವಿಭಾಗದಲ್ಲಿ ಬಹುಕಾಲ ತಂಡಗಳನ್ನು ನಡೆಸಿದ ಒಬ್ಬ ವಿಶ್ವಾಸಿಯ ಅಭಿಪ್ರಾಯ. ಕಾನೂನಿನ ಮಾತುಗಳನ್ನು ತಿಳಿವಳಿಕೆಗೆಂದು ಹೇಳಿದ್ದೇನೆ. ನಿಜವಾದ ಪ್ರಕರಣ ಎದುರಾದರೆ ವಕೀಲರನ್ನೇ ಕಾಣಬೇಕು.

ಒಳ್ಳೆಯ ಮ್ಯಾನೇಜರ್ ಆದರೆ ಸಾಲದೇ? ಕ್ರೈಸ್ತ ನಾಯಕತ್ವ ಎಂದು ಬೇರೆ ಏನಿದೆ?

ಹೊರಗಿನಿಂದ ನೋಡಿದರೆ ಹೆಚ್ಚೇನಿಲ್ಲ. ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಕೆಲಸ ಮಾಡಿದವರ ಹೆಸರನ್ನು ಮೇಲಿನವರ ಮುಂದೆ ಹೇಳುವುದು, ಸುಳ್ಳು ಲೆಕ್ಕಕ್ಕೆ ಸಹಿ ಹಾಕದಿರುವುದು ಇವನ್ನೆಲ್ಲ ಒಬ್ಬ ಒಳ್ಳೆಯ ಲಿಂಗಾಯತನೂ ಮಾಡುತ್ತಾನೆ, ಒಳ್ಳೆಯ ಮುಸಲ್ಮಾನನೂ ಮಾಡುತ್ತಾನೆ, ದೇವರನ್ನೇ ನಂಬದ ಒಳ್ಳೆಯ ಮನುಷ್ಯನೂ ಮಾಡುತ್ತಾನೆ. ಹನ್ನೆರಡನೆಯ ಶತಮಾನದಿಂದ ಕಾಯಕದ ಮಾತು ಕೇಳಿಕೊಂಡು ಬಂದ ನಾಡಿನಲ್ಲಿ ದುಡಿಮೆಯ ನಿಷ್ಠೆಯನ್ನು ನಾವೇ ತಂದುಕೊಟ್ಟೆವೆಂದು ಬೀಗಿದರೆ ನಗೆಪಾಟಲಾಗುತ್ತೇವೆ.

ವ್ಯತ್ಯಾಸವಿರುವುದು ಅಧಿಕಾರವನ್ನು ನೋಡುವ ಬಗೆಯಲ್ಲಿ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರು ಯೇಸುವಿನ ಎಡಬಲದ ಆಸನಗಳನ್ನು ತಮಗೆ ಮೀಸಲಿಡುವಂತೆ ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಬಡ್ತಿಯ ಪಟ್ಟಿ ಹೊರಬಿದ್ದ ದಿನ ಯಾವ ಕಚೇರಿಯಲ್ಲಿ ಬೇಕಾದರೂ ಕಾಣಬಹುದಾದ ನೋಟ ಅದು. ಜನಾಂಗಗಳನ್ನು ಆಳುವವರು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ ಎಂಬ ಉತ್ತರ ಬಂದದ್ದು ಆ ಜಗಳದ ನಡುವೆ.

ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಹೊರಡುವುದು ಇಲ್ಲಿಂದಲೇ. ಕೈಯಲ್ಲಿ ಅಧಿಕಾರವಿದ್ದಾಗ ನಿಮ್ಮ ಮಾತಿನ ತೂಕ ಬದಲಾಗುತ್ತದೆ. ಸಮಾನರ ನಡುವೆ ಕರೆಯಾಗಿರುವ ಮಾತು ಕೈಕೆಳಗಿನವರ ಕಿವಿಗೆ ಅಪ್ಪಣೆಯಾಗಿ ಬೀಳುತ್ತದೆ. ಅದನ್ನು ಮರೆತ ಕ್ರೈಸ್ತ ಮ್ಯಾನೇಜರ್ ಎಷ್ಟು ಭಕ್ತನಾದರೂ ಅಪಾಯಕಾರಿ.

ಆಯುಧ ಪೂಜೆಯ ದಿನ ಆರತಿ ನೀವೇ ಎತ್ತಿ ಎನ್ನುತ್ತಾರೆ. ಏನು ಮಾಡಲಿ?

ಮಹಾನವಮಿ ಹತ್ತಿರ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದಲೇ ಯಂತ್ರಗಳು ನಿಲ್ಲುತ್ತವೆ. ವರ್ಷವಿಡೀ ಅಂಟಿದ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಾರೆ. ಬೆಳಗಾಗುವಷ್ಟರಲ್ಲಿ ಲೇತ್‌ಗಳಿಗೆ ಬಾಳೆಕಂದು, ಚೆಂಡು ಹೂವಿನ ಹಾರ; ವೆಲ್ಡಿಂಗ್ ಸೆಟ್‌ನಿಂದ ಹಿಡಿದು ಕಂಪ್ಯೂಟರ್ ಪರದೆಯವರೆಗೆ ಅರಿಶಿನ, ಕುಂಕುಮ; ಫೋರ್ಕ್‌ಲಿಫ್ಟ್ ಚಕ್ರಗಳಡಿ ನಿಂಬೆಹಣ್ಣು; ಬಾಗಿಲಲ್ಲಿ ಕುಂಕುಮ ತುಂಬಿದ ಬೂದುಗುಂಬಳ. ಕಡಲೆಪುರಿ ಪೊಟ್ಟಣಗಳು ಒಂದು ಮೂಲೆಯಲ್ಲಿ ಕಾಯುತ್ತಿರುತ್ತವೆ. ಕರ್ಪೂರ ಹಚ್ಚಿದ ತಟ್ಟೆ ಹಿಡಿದವನು ನಿಮ್ಮತ್ತ ತಿರುಗಿ ‘ಸಾರ್, ಮೊದಲು ನೀವು’ ಎನ್ನುತ್ತಾನೆ. ಎಲ್ಲರ ಕಣ್ಣೂ ನಿಮ್ಮ ಮೇಲೆ.

ಆ ಕ್ಷಣದಲ್ಲಿ ದೇವಶಾಸ್ತ್ರ ಬಿಡಿಸಲು ಹೊರಟರೆ ಕೆಟ್ಟಿತು. ಒಂದು ವಾರ ಮೊದಲೇ ತಂಡದ ಹಿರಿಯರೊಂದಿಗೆ ಮಾತಾಡಿ. ‘ನಾನು ಬರುತ್ತೇನೆ, ನಿಮ್ಮ ಜೊತೆ ನಿಲ್ಲುತ್ತೇನೆ, ಪೂಜೆ ಮಾತ್ರ ನನ್ನ ಕೈಯಿಂದ ಬೇಡ’ ಎಂದರೆ ಸಾಕು. ವರ್ಷಗಟ್ಟಲೆ ಅದೇ ಪ್ರೆಸ್ಸಿನ ಮುಂದೆ ನಿಂತು ಬೆವರು ಸುರಿಸಿದ ಹಿರಿಯ ಆಪರೇಟರ್ ಆರತಿ ಎತ್ತಲಿ. ಹಾಗೆ ನೋಡಿದರೆ ಆ ಗೌರವ ಸಲ್ಲಬೇಕಾದದ್ದು ಯಂತ್ರವನ್ನು ಬಲ್ಲ ಕೈಗೇ ಹೊರತು ಹವಾನಿಯಂತ್ರಿತ ಕೋಣೆಯಲ್ಲಿ ಕೂರುವವರಿಗಲ್ಲ. ನೀವು ನಾಲ್ಕು ಮಾತಾಡಿ. ವರ್ಷದಲ್ಲಿ ಅಪಘಾತವಾಗದಂತೆ ನೋಡಿಕೊಂಡವರಿಗೆ ಹೆಸರು ಹಿಡಿದು ಕೃತಜ್ಞತೆ ಹೇಳಿ. ಸಿಹಿಯ ಖರ್ಚು ನಿಮ್ಮ ಜೇಬಿನಿಂದಲೇ ಬರಲಿ.

ಮಾಡಬಾರದ್ದು ಎರಡು. ಒಂದು, ಪ್ರತಿ ವರ್ಷ ಸರಿಯಾಗಿ ಆ ದಿನವೇ ಜ್ವರ ಬರಿಸಿಕೊಳ್ಳುವುದು. ಕೆಲವು ಮ್ಯಾನೇಜರ್‌ಗಳ ಈ ಕಾಯಿಲೆ ಗೇಟಿನ ಕಾವಲುಗಾರನಿಗೂ ಗೊತ್ತಿರುತ್ತದೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂದು ಕಲಿಸಿದವನ ಶಿಷ್ಯರಿಗೆ ಇದು ಒಪ್ಪುವುದಿಲ್ಲ. ಇನ್ನೊಂದು, ಮೇಲಧಿಕಾರದ ಬಲದಿಂದ ಪೂಜೆಯನ್ನೇ ನಿಲ್ಲಿಸುವುದು.

ಬೈಬಲಿನಲ್ಲಿ ಇದಕ್ಕೆ ತೀರಾ ಹತ್ತಿರದ ಕಥೆ ಅರಾಮ್ಯರ ಸೇನಾಪತಿ ನಾಮಾನನದು, ಎರಡನೆಯ ಅರಸುಗಳ ಗ್ರಂಥದ ಐದನೆಯ ಅಧ್ಯಾಯ. ಕುಷ್ಠ ಗುಣವಾದ ಮೇಲೆ ಇನ್ನು ಇಸ್ರಾಯೇಲರ ದೇವರನ್ನಷ್ಟೇ ಆರಾಧಿಸುತ್ತೇನೆ ಎಂದವನು ಒಂದು ವಿನಾಯಿತಿ ಕೇಳುತ್ತಾನೆ: ನನ್ನ ಅರಸ ನನ್ನ ಕೈ ಊರಿಕೊಂಡು ರಿಮ್ಮೋನನ ಗುಡಿಗೆ ಹೋಗುವಾಗ ನಾನೂ ಬಾಗಬೇಕಾಗುತ್ತದೆ, ಅದನ್ನು ದೇವರು ಮನ್ನಿಸಲಿ. ಅವನನ್ನು ಗುಣಪಡಿಸಿದ ಪ್ರವಾದಿ ಎಲೀಷ ಉಪದೇಶ ಮಾಡಲಿಲ್ಲ. ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿದ. ಇದನ್ನು ಪರವಾನಗಿಯೆಂದು ಓದುವವರೂ ಇದ್ದಾರೆ, ಹೊಸ ವಿಶ್ವಾಸಿಗೆ ತೋರಿದ ಕರುಣೆ ಎಂದು ಓದುವವರೂ ಇದ್ದಾರೆ. ಪೆಂಟೆಕೋಸ್ಟಲ್ ಸಭೆಯವರು ಆವರಣದೊಳಗೇ ಕಾಲಿಡದಿರಬಹುದು, ಕೆಥೋಲಿಕರು ಅಷ್ಟು ಬಿಗಿಯಾಗಿರದೆ ಇರಬಹುದು. ನಿಮ್ಮ ಗೆರೆ ನೀವೇ ಎಳೆದುಕೊಳ್ಳಿ. ಪಕ್ಕದ ವಿಭಾಗದ ಕ್ರೈಸ್ತ ಸಹೋದ್ಯೋಗಿ ಬೇರೆ ಕಡೆ ಎಳೆದುಕೊಂಡರೆ ಅವರನ್ನು ತೂಗಲು ಹೋಗಬೇಡಿ.

ಸೇನೆಯ ಕ್ರೈಸ್ತ ಅಧಿಕಾರಿಯ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದು ನಮಗೂ ಅನ್ವಯಿಸುತ್ತದೆಯೇ?

ನೇರವಾಗಿ ಇಲ್ಲ. ಆ ಅಧಿಕಾರಿ ತಮ್ಮ ಸೈನಿಕರೊಂದಿಗೆ ರೆಜಿಮೆಂಟಿನ ಧಾರ್ಮಿಕ ಪರೇಡ್‌ಗೆ ಹೋಗುತ್ತಿದ್ದರು. ಗರ್ಭಗುಡಿಯೊಳಗೆ ಹೋಗಿ ವಿಧಿಗಳಲ್ಲಿ ಪಾಲ್ಗೊಳ್ಳಲು ಒಪ್ಪಲಿಲ್ಲ. ಸೇನೆ ಅವರನ್ನು ಕೆಲಸದಿಂದ ತೆಗೆಯಿತು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು; ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು. ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂವಿಧಾನದ 33ನೆಯ ವಿಧಿಯೇ ಸಂಸತ್ತಿಗೆ ಅವಕಾಶ ಕೊಡುತ್ತದೆ. ಕಾರ್ಖಾನೆಯೋ ಬ್ಯಾಂಕೋ ದಂಡಿನ ಠಾಣೆಯಲ್ಲ.

ಆದರೂ ಆ ವಾದವಿವಾದದಲ್ಲಿ ಮತ್ತೆ ಮತ್ತೆ ಬಂದ ಒಂದು ಪ್ರಶ್ನೆ ನಮಗೂ ಬೇಕಾದದ್ದು: ನಾಯಕ ತನ್ನವರಿಗೆ ಅತಿ ಮುಖ್ಯವಾದ ಗಳಿಗೆಯಲ್ಲಿ ಅವರ ಜೊತೆಗಿದ್ದಾನೆಯೇ? ಮನಸ್ಸಾಕ್ಷಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂಬುದು ನನ್ನ ಅನಿಸಿಕೆ. ಹಾಗೆಂದು ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಪ್ರಸಾದ ತೆಗೆದುಕೊಳ್ಳಬಹುದೇ?

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎಂಟರಿಂದ ಹತ್ತರವರೆಗಿನ ಅಧ್ಯಾಯಗಳಲ್ಲಿ ಹೆಚ್ಚಿನ ಭಾಗ ಇದಕ್ಕೇ ಮೀಸಲು. ಗುಡಿಗಳಲ್ಲಿ ಅರ್ಪಿಸಿದ ಮಾಂಸ ಪೇಟೆಗೆ ಬರುತ್ತಿದ್ದ ಊರದು. ವಿಗ್ರಹದ ಬಗ್ಗೆ ಹೆದರಬೇಕಿಲ್ಲ, ಆದರೆ ನಿನ್ನ ಸ್ವಾತಂತ್ರ್ಯ ಇನ್ನೊಬ್ಬರ ಎಡವುಗಲ್ಲಾಗದಿರಲಿ ಎಂಬುದು ಅವನ ವಾದದ ಬೆನ್ನೆಲುಬು. ಹಾಗಾಗಿ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ, ಇಬ್ಬರಿಗೂ ಆಧಾರವಿದೆ.

ಜಗಳವಾಗುವುದು ತಿನ್ನದಿದ್ದುದಕ್ಕಲ್ಲ, ತಿನ್ನದೇ ಇದ್ದ ರೀತಿಗೆ. ತಿರುಪತಿಯಿಂದ ಬಂದ ಲಡ್ಡುವಿನ ತುಂಡನ್ನು ‘ಆಮೇಲೆ ತಿನ್ನುತ್ತೇನೆ’ ಎಂದು ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟು, ಸಂಜೆ ಲಿಫ್ಟಿನ ಪಕ್ಕದ ಕಸದಬುಟ್ಟಿಗೆ ಹಾಕಿದವರನ್ನು ಕಂಡಿದ್ದೇನೆ. ಕೊಟ್ಟವಳು ಅದೇ ಲಿಫ್ಟಿಗೆ ಕಾಯುತ್ತಿದ್ದಳು. ‘ನನ್ನ ನಂಬಿಕೆಯಲ್ಲಿ ತಿನ್ನುವುದಿಲ್ಲಮ್ಮ, ಆದರೆ ನನ್ನನ್ನು ನೆನೆದು ತಂದಿರಲ್ಲ, ಅದು ಸಂತೋಷ’ ಎಂದು ಅವಳ ಮುಖ ನೋಡಿ ಹೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಹರಕೆ ಹೊತ್ತು ಬೆಟ್ಟ ಹತ್ತಿ ಬಂದವರಿಗೆ ‘ಇಲ್ಲ’ ಎಂಬ ಮಾತಿನ ಅರ್ಥ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನನ್ನ ವಿಶ್ವಾಸವನ್ನು ತಂಡದವರೊಂದಿಗೆ ಹಂಚಿಕೊಳ್ಳುವುದು ನನ್ನ ಹಕ್ಕಲ್ಲವೇ?

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಗಳೊಂದಿಗೆ. ಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಆಮಿಷದ ವ್ಯಾಖ್ಯೆಯಲ್ಲಿ ಉದ್ಯೋಗವನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಅಂದಿನ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು. ಆ ಕಾಯ್ದೆಯ ಬಗ್ಗೆ ನನಗೆ ತಕರಾರುಗಳು ಬಹಳ ಇವೆ. ಆದರೆ ಅದು ಇರಲಿ ಬಿಡಲಿ, ವರ್ಷದ ಕೊನೆಗೆ ಅಂಕ ಹಾಕುವ ಕೈ ಪ್ರಾರ್ಥನಾ ಕೂಟದ ಕರಪತ್ರ ಹಂಚಬಾರದು.

ಕೈಕೆಳಗಿನವರು ‘ಬರುವುದಿಲ್ಲ’ ಎಂದಾಗ ಅವರಿಗೆ ನಷ್ಟವಾಗುವ ಸಾಧ್ಯತೆ ಇದೆಯೇ? ಸಾಧ್ಯತೆ ಇಲ್ಲದಿದ್ದರೂ ಇದೆ ಎಂದು ಅವರಿಗೆ ಅನ್ನಿಸಬಹುದೇ? ಎರಡರಲ್ಲಿ ಒಂದಕ್ಕೆ ಹೌದೆಂದರೂ ನೀವು ಮೊದಲು ಬಾಯಿ ತೆರೆಯಬಾರದು. ಪೇತ್ರನ ಮೊದಲ ಪತ್ರ ಹೇಳುವುದು ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂದು, ಅದೂ ಸಾತ್ವಿಕತ್ವದಿಂದ, ಗೌರವದಿಂದ. ‘ಕೇಳುವವರಿಗೆ’ ಎಂಬುದನ್ನು ಹಾರಿಸಿ ಓದುವವರೇ ಹೆಚ್ಚು. ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಮಂಡಳಿ, ಚರ್ಚುಗಳ ಜಾಗತಿಕ ಮಂಡಳಿ, ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಧಾಟಿಯಿದೆ: ಸಾಕ್ಷಿ ಕೊಡುವುದು ಕರ್ತವ್ಯ, ಆದರೆ ಜನರ ಬಡತನವನ್ನೋ ಅಸಹಾಯಕತೆಯನ್ನೋ ಬಳಸಿಕೊಳ್ಳುವ ವಿಧಾನಕ್ಕೆ ಅದರಲ್ಲಿ ಜಾಗವಿಲ್ಲ. ಸಾಮಾನ್ಯವಾಗಿ ಒಂದೇ ಮೇಜಿಗೆ ಕೂರದ ಮೂವರು ಒಂದು ಮಾತಿಗೆ ಸಹಿ ಹಾಕಿದ್ದಾರೆಂದರೆ ಅದನ್ನು ಗಮನಿಸಬೇಕು.

ಅವರಾಗಿಯೇ ಕೇಳಿದರೆ ಧಾರಾಳವಾಗಿ ಹೇಳಿ. ಕಚೇರಿಯ ಹೊರಗೆ, ಚಹಾದ ಹೊತ್ತಿನಲ್ಲಿ. ಮಾತು ಬದಲಿಸಿದರೆ ನೀವೂ ಬದಲಿಸಿ.

ತಂಡದವರೊಬ್ಬರ ತಾಯಿ ಐಸಿಯುನಲ್ಲಿದ್ದಾರೆ. ‘ಪ್ರಾರ್ಥಿಸುತ್ತೇನೆ’ ಎಂದು ಹೇಳಬಹುದೇ?

ಹೇಳಬಹುದು. ಈ ನಾಡಿನಲ್ಲಿ ಅದಕ್ಕೆ ಬೇಸರಪಡುವವರು ಅಪರೂಪ. ಆದರೆ ಅದಕ್ಕೂ ಮೊದಲು ರಜೆ ಮಂಜೂರು ಮಾಡಿ, ಆ ವಾರದ ಕೆಲಸವನ್ನು ಯಾರು ನೋಡಿಕೊಳ್ಳಬೇಕೆಂದು ನಿರ್ಧರಿಸಿ, ವಿಮೆಯ ಕಾಗದಪತ್ರಕ್ಕೆ ಮಾನವ ಸಂಪನ್ಮೂಲ ವಿಭಾಗದಲ್ಲಿ ಯಾರನ್ನು ಹಿಡಿಯಬೇಕೆಂದು ತಿಳಿಸಿ. ಚಳಿಯಲ್ಲಿರುವವನಿಗೆ ಬಟ್ಟೆ ಕೊಡದೆ ಬೆಚ್ಚಗಿರು ಎಂದರೆ ಏನು ಫಲ ಎಂದು ಯಾಕೋಬನ ಪತ್ರ ಕೇಳುತ್ತದೆ. ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಜೋರಾಗಿ ಪ್ರಾರ್ಥಿಸುವುದು, ಕುಟುಂಬದವರು ಕೇಳದ ಹೊರತು, ಬೇಡ. ಅವರ ಕಷ್ಟವನ್ನು ಅವರ ಒಪ್ಪಿಗೆಯಿಲ್ಲದೆ ಚರ್ಚಿನ ಪ್ರಾರ್ಥನಾ ಗುಂಪಿಗೆ ಹೆಸರು ಸಮೇತ ಹಾಕುವುದಂತೂ ಗುಟ್ಟು ರಟ್ಟು ಮಾಡುವುದೇ ಸರಿ, ಉದ್ದೇಶ ಎಷ್ಟೇ ಪವಿತ್ರವಿರಲಿ.

ಮೇಜಿನ ಮೇಲೆ ಶಿಲುಬೆ, ಕೊರಳಲ್ಲಿ ಜಪಸರ, ಇಮೇಲಿನ ಕೊನೆಗೆ ಬೈಬಲ್ ವಾಕ್ಯ?

ಪಕ್ಕದ ಮೇಜಿನಲ್ಲಿ ಗಣಪತಿ, ಎದುರಿನ ಮೇಜಿನಲ್ಲಿ ಮೆಕ್ಕಾದ ಚಿತ್ರ ಇರುವಾಗ ನಿಮ್ಮ ಶಿಲುಬೆ ಯಾರಿಗೂ ಭಾರವಲ್ಲ. ಇಮೇಲ್ ಬೇರೆ ಮಾತು: ಅದು ಕಂಪನಿಯ ಕಾಗದ. ಎಚ್ಚರಿಕೆ ಪತ್ರವೊಂದನ್ನು ಕಳಿಸಿ ಅದರ ಕೆಳಗೆ ದೇವರ ಪ್ರೀತಿಯ ವಾಕ್ಯವಿದ್ದರೆ ಓದುವವರಿಗೆ ಏನನ್ನಿಸೀತು?

ವಿದೇಶದಲ್ಲಿರುವವರು ಕೇಳುವುದರಿಂದ ಒಂದು ಮಾತು. ಬ್ರಿಟಿಷ್ ಏರ್‌ವೇಸ್‌ನ ಉದ್ಯೋಗಿ ನಾಡಿಯಾ ಇವೈಡಾ ಸಮವಸ್ತ್ರದ ಮೇಲೆ ಚಿಕ್ಕ ಶಿಲುಬೆ ಕಾಣುವಂತೆ ಧರಿಸಿದ ಪ್ರಕರಣದಲ್ಲಿ 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು. ಅದೇ ತೀರ್ಪಿನಲ್ಲಿ, ರೋಗಿಗಳ ಸುರಕ್ಷತೆಯ ಕಾರಣಕ್ಕೆ ಸರ ತೆಗೆಯಲು ಹೇಳಿದ್ದನ್ನು ಪ್ರಶ್ನಿಸಿದ್ದ ದಾದಿಯೊಬ್ಬರು ಸೋತರು. ನಂಬಿಕೆಗೆ ಜಾಗವಿದೆ, ತಿರುಗುವ ಯಂತ್ರದ ಪಕ್ಕ, ರೋಗಿಯ ಹಾಸಿಗೆಯ ಪಕ್ಕ ಸುರಕ್ಷತೆ ಮುಂದು. ನಮ್ಮ ವೆಲ್ಡಿಂಗ್ ವಿಭಾಗಕ್ಕೂ ಇದೇ ಸಾಕು.

ಹಬ್ಬದ ರಜೆ, ಭಾನುವಾರದ ಪಾಳಿ, ರಂಜಾನ್ ಉಪವಾಸ: ಎಲ್ಲರಿಗೂ ಹೇಗೆ ಹೊಂದಿಸುವುದು?

ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರದ್ದು. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಇವು ಖಾಯಂ. ಇವುಗಳ ಜೊತೆ ಐದು ಹಬ್ಬದ ರಜೆಗಳು. ಆ ಐದರಲ್ಲಿ ಯುಗಾದಿ, ಗಣೇಶ, ದಸರಾ, ದೀಪಾವಳಿ ಸೇರಿದರೆ ಉಳಿಯುವುದು ಒಂದು. ಕ್ರಿಸ್‌ಮಸ್ಸೋ ಈದೋ ಎಂದು ಪ್ರತಿ ಡಿಸೆಂಬರಿನಲ್ಲಿ ಎಳೆದಾಟ. ಕ್ರೈಸ್ತ ಮ್ಯಾನೇಜರ್ ಇಲ್ಲಿ ತನ್ನ ಹಬ್ಬಕ್ಕಾಗಿ ವಾದಿಸುವ ಮೊದಲು ಇನ್ನೊಬ್ಬರ ಹಬ್ಬಕ್ಕಾಗಿ ವಾದಿಸಿದರೆ ತಂಡದವರು ಅದನ್ನು ಎಂದೂ ಮರೆಯುವುದಿಲ್ಲ. ಐಚ್ಛಿಕ ರಜೆಯ ವ್ಯವಸ್ಥೆ ಮಾಡಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಸಣ್ಣ ವಿಷಯಗಳೇ ದೊಡ್ಡವು. ಶುಕ್ರವಾರ ಒಂದು ಗಂಟೆಯ ಆಸುಪಾಸಿನಲ್ಲಿ ಮೀಟಿಂಗ್ ಇಡದಿರುವುದು. ರಂಜಾನ್ ಸಂಜೆ ಇಫ್ತಾರಿಗೆ ಮುಂಚೆ ಬಿಡುವುದು. ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರ ಬೆಳಗ್ಗೆ ಚರ್ಚಿನ ಪೂಜೆಗೆ ಹೋಗಿ ತಡವಾಗಿ ಬರುವ ನಿಮಗೆ ಇರುವ ಸಲಿಗೆ ವೈಕುಂಠ ಏಕಾದಶಿಯ ಸಾಲಿನಲ್ಲಿ ನಿಂತು ಬರುವವರಿಗೂ ಇರುವುದು.

ಅಯ್ಯಪ್ಪ ಮಾಲೆ ಧರಿಸಿದವರ ವಿಷಯ ಸ್ವಲ್ಪ ತೊಡಕಿನದು. ಕಪ್ಪು ಬಟ್ಟೆ, ಗಡ್ಡ, ಬರಿಗಾಲು. ಕಚೇರಿಯಲ್ಲಿ ವಸ್ತ್ರಸಂಹಿತೆಯನ್ನು ಆ ದಿನಗಳ ಮಟ್ಟಿಗೆ ಸಡಿಲಿಸಿದರೆ ಗಂಟೇನೂ ಹೋಗುವುದಿಲ್ಲ. ಆದರೆ ಕಬ್ಬಿಣದ ಚೂರು ಬಿದ್ದಿರುವ ಕಾರ್ಖಾನೆಯ ನೆಲದಲ್ಲಿ ಬರಿಗಾಲಲ್ಲಿ ನಡೆಯಲು ಬಿಡಲಾಗದು. ಅಂಥವರನ್ನು ಆ ಅವಧಿಗೆ ಉಗ್ರಾಣದ ಲೆಕ್ಕಕ್ಕೋ ಗುಣಮಟ್ಟ ಪರೀಕ್ಷೆಯ ಮೇಜಿಗೋ ಹಾಕಬಹುದು. ವ್ರತವನ್ನು ಗೌರವಿಸುವುದಕ್ಕೂ ಸುರಕ್ಷತಾ ನಿಯಮ ಪಾಲಿಸುವುದಕ್ಕೂ ವೈರವಿಲ್ಲ; ಪಾಳಿಯ ಪಟ್ಟಿ ಹಾಕುವವರು ಸ್ವಲ್ಪ ತಲೆ ಓಡಿಸಬೇಕು, ಅಷ್ಟೆ. ಅಮೆರಿಕದಲ್ಲಿ ಭಾನುವಾರ ಕೆಲಸ ಮಾಡಲು ಒಲ್ಲದ ಅಂಚೆ ನೌಕರನ ಪ್ರಕರಣದಲ್ಲಿ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಸಣ್ಣಪುಟ್ಟ ತೊಂದರೆಯ ನೆಪದಲ್ಲಿ ನೌಕರನ ಧಾರ್ಮಿಕ ಕೋರಿಕೆಯನ್ನು ತಳ್ಳಿಹಾಕಬಾರದು, ಗಣನೀಯ ಹೊರೆ ಬೀಳುತ್ತದೆಂದು ತೋರಿಸಬೇಕು.

ನಮ್ಮ ಚರ್ಚಿನ ಹುಡುಗನಿಗೆ ಕೆಲಸ ಕೊಡಿಸಿದರೆ ತಪ್ಪೇನು? ಎಲ್ಲರೂ ತಮ್ಮವರನ್ನೇ ನೋಡಿಕೊಳ್ಳುತ್ತಾರಲ್ಲ?

ಬಯೋಡೇಟಾ ಮುಂದೆ ಕಳಿಸುವುದು ತಪ್ಪಲ್ಲ. ಸಂದರ್ಶನ ನಡೆಸುವವರಲ್ಲಿ ನೀವೂ ಒಬ್ಬರಾಗಿದ್ದರೆ ಎದ್ದು ಹೊರಗೆ ಬರಬೇಕು. ‘ಎಲ್ಲರೂ ಮಾಡುತ್ತಾರೆ’ ಎಂಬುದು ಈ ದೇಶದ ಅತ್ಯಂತ ಜನಪ್ರಿಯ ವಾದ, ಅದರಲ್ಲಿ ಕ್ರೈಸ್ತವಾದದ್ದು ಏನೂ ಇಲ್ಲ. ಬಡವನ ಮುಖವನ್ನೂ ನೋಡಬೇಡ, ದೊಡ್ಡವನ ಮುಖವನ್ನೂ ನೋಡಬೇಡ, ನ್ಯಾಯವಾಗಿ ತೀರ್ಪು ಕೊಡು ಎನ್ನುತ್ತದೆ ಯಾಜಕಕಾಂಡ.

ನಮ್ಮ ಕರಾವಳಿಯ ಚರಿತ್ರೆಯಲ್ಲೇ ಇದಕ್ಕೆ ಪಾಠವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು. ಜಮೀನು, ಕಸುಬು ಎರಡೂ ಕೈತಪ್ಪುತ್ತಿದ್ದವು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ, ಮುದ್ರಣ, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾದವು. ಮಂಗಳೂರು ಹೆಂಚು ಊರೂರಿನ ಮಾಡು ಏರಿತು, ಸಾವಿರಾರು ಮನೆಗಳ ಒಲೆ ಉರಿಯಿತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಭೆ, ವಸತಿ, ಸಂಬಳ ಮೂರೂ ಒಂದೇ ಕೈಯಲ್ಲಿದ್ದಾಗ ಮನುಷ್ಯ ಯಾವುದಕ್ಕಾಗಿ ತಲೆಬಾಗುತ್ತಿದ್ದಾನೆ ಎಂದು ಅವನಿಗೂ ತಿಳಿಯದೆ ಹೋಗುತ್ತದೆ. ಅನ್ನ ಕೊಡುವ ಕೈ ಮತ್ತು ದೀಕ್ಷಾಸ್ನಾನ ಕೊಡುವ ಕೈ ಬೇರೆ ಬೇರೆ ಇರುವುದು ಎರಡಕ್ಕೂ ಕ್ಷೇಮ.

ಕ್ರೈಸ್ತರಲ್ಲಿ ಜಾತಿಯಿಲ್ಲವಲ್ಲ, ಹಾಗಾಗಿ ಕಚೇರಿಯ ಜಾತಿ ರಾಜಕೀಯ ನಮಗೆ ಅಂಟುವುದಿಲ್ಲ ಅಲ್ಲವೇ?

ಮದುವೆ ಜಾಹೀರಾತು ಓದಿದ್ದೀರಾ?

ಸಿದ್ಧಾಂತದಲ್ಲಿ ಇಲ್ಲ, ಅಡ್ಡಹೆಸರಿನಲ್ಲಿ ಇದೆ, ಕೆಲವೆಡೆ ಸ್ಮಶಾನದಲ್ಲೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, ಮುಂದೆ ತಿದ್ದುಪಡಿಗಳಿಂದ ಸಿಖ್ಖರಿಗೆ, ಬೌದ್ಧರಿಗೆ. ದಲಿತ ಕ್ರೈಸ್ತರಿಗೆ ಇಲ್ಲ. ಸಭೆಯೊಳಗೂ ಕಾನೂನಿನ ಎದುರೂ ಪೆಟ್ಟು ತಿನ್ನುವವರು ಅವರು. ಹಾಗಾಗಿ ‘ನಿಮ್ಮ ಊರು ಯಾವುದು, ಯಾವ ಕಡೆಯವರು’ ಎಂದು ಹೊಸಬರನ್ನು ಕೆದಕುವ ಚಾಳಿ ನಿಮ್ಮ ತಂಡದಲ್ಲಿದ್ದರೆ ಅದನ್ನು ನಿಲ್ಲಿಸುವುದು ನಿಮ್ಮ ಕೆಲಸ. ನಿಮ್ಮ ಬಾಯಿಂದಲೇ ಬರುತ್ತಿದ್ದರೆ ಇನ್ನೂ ಮೊದಲು.

ಲಂಚ ಕೊಡದೆ ಕೆಲಸವೇ ಆಗುವುದಿಲ್ಲ ಎನ್ನುವಾಗ?

2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಲಂಚ ಕೊಡುವವರೂ ಅಪರಾಧಿಗಳು. ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆಯುಂಟು. ನಿಮ್ಮ ಕೈ ಶುದ್ಧವಾಗಿರಲೆಂದು ‘ಅದನ್ನೆಲ್ಲ ನೀನೇ ನೋಡಿಕೊ, ನನಗೆ ಹೇಳಬೇಡ’ ಎಂದು ಕಿರಿಯನನ್ನು ಕಳಿಸುವುದು ಮಾತ್ರ ಹೇಡಿತನ. ಯೇಸುವನ್ನು ಶಿಲುಬೆಗೆ ಒಪ್ಪಿಸುವಾಗ ಬೋಗುಣಿಯಲ್ಲಿ ಕೈ ತೊಳೆದುಕೊಂಡ ಪಿಲಾತನ ನೆನಪಾಗುತ್ತದೆ. ಅನುಮತಿಗೆ ಬೇಕಾದ ಸಮಯವನ್ನು ಯೋಜನೆಯಲ್ಲೇ ಸೇರಿಸಿ, ಪ್ರತಿ ಭೇಟಿಯನ್ನೂ ಬರವಣಿಗೆಯಲ್ಲಿಡಿ, ತಡವಾದರೆ ಮೇಲಿನವರ ಬೈಗುಳ ನೀವು ತಿನ್ನಿ. ದೀಪಾವಳಿಗೆ ಗುತ್ತಿಗೆದಾರರಿಂದ ಬರುವ ಒಣಹಣ್ಣಿನ ಡಬ್ಬಿಯನ್ನು ಇಡೀ ವಿಭಾಗದ ಮೇಜಿನ ಮೇಲೆ ತೆರೆದಿಡಿ. ಬೆಳ್ಳಿ ನಾಣ್ಯ ಇದ್ದರೆ ಪತ್ರದೊಂದಿಗೆ ವಾಪಸು.

ಕ್ಷಮಿಸುವುದು ಕ್ರೈಸ್ತರ ಧರ್ಮ. ತಪ್ಪು ಮಾಡಿದವರ ಮೇಲೆ ಕ್ರಮ ಜರುಗಿಸುವುದು ಹೇಗೆ?

ನಿಮಗೆ ಆದ ಅನ್ಯಾಯವನ್ನು ಕ್ಷಮಿಸಲು ನಿಮಗೆ ಹಕ್ಕಿದೆ. ಇನ್ನೊಬ್ಬರಿಗೆ ಆದದ್ದನ್ನು ಅವರ ಪರವಾಗಿ ಕ್ಷಮಿಸಲು ನೀವು ಯಾರು?

ಭಕ್ತ ಮ್ಯಾನೇಜರ್‌ಗಳು ಹೆಚ್ಚು ಎಡವುವುದು ಇಲ್ಲೇ. ಒಬ್ಬಳು ಬಂದು ಸಹೋದ್ಯೋಗಿಯ ಕಿರುಕುಳದ ಬಗ್ಗೆ ಹೇಳುತ್ತಾಳೆ. ಇವರು ಇಬ್ಬರನ್ನೂ ಕೂರಿಸಿ, ಅವನಿಂದ ಕ್ಷಮೆ ಕೇಳಿಸಿ, ‘ಮುಗಿಯಿತಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ’ ಎಂದು ಅವಳನ್ನು ಕಳಿಸುತ್ತಾರೆ. ಸಮಾಧಾನ ಮಾಡಿಸಿದೆನೆಂಬ ತೃಪ್ತಿ ಇವರಿಗೆ. ನಾಳೆ ಮತ್ತೆ ಅದೇ ಪಾಳಿಯಲ್ಲಿ ಅವನ ಪಕ್ಕದಲ್ಲೇ ನಿಲ್ಲಬೇಕಾದ ಗತಿ ಅವಳಿಗೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರು ಹೋಗಬೇಕಾದದ್ದು ಅಲ್ಲಿಗೆ. ರಾಜಿ ಬೇಕೆಂದು ಅವಳೇ ಕೇಳಿದರೆ ಅದಕ್ಕೂ ಕಾಯ್ದೆಯಲ್ಲಿ ದಾರಿಯಿದೆ. ನೀವು ಮುಂದೆ ನಿಂತು ಮಾಡಿಸುವಂತಿಲ್ಲ.

ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನ ಕಥೆಯನ್ನು ಕ್ಷಮೆಗೆ ಉದಾಹರಣೆಯಾಗಿ ಹೇಳುವವರು ಅವನು ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸಲು ಒಪ್ಪಿದ್ದನ್ನೂ ಹೇಳಲಿ.

‘ಅಕ್ಕಿ ಮೂಟೆ ಎಷ್ಟು ಸಿಕ್ಕಿತು’ ಎಂದು, ಅಕ್ಕಿಯಾಸೆಗೆ ಮತ ಬದಲಿಸಿದವನೆಂಬಂತೆ, ನನ್ನನ್ನೇ ಗೇಲಿ ಮಾಡುತ್ತಾರೆ. ಸುಮ್ಮನಿರಬೇಕೇ?

ಒಮ್ಮೆ ನಗಬಹುದು. ಎರಡನೆಯ ಸಲ ಒಬ್ಬರನ್ನೇ ಕರೆದು ‘ಇದು ನನಗೆ ಹಿಡಿಸುವುದಿಲ್ಲ’ ಎನ್ನಿ. ಮೂರನೆಯದು ಬಂದರೆ ಬರವಣಿಗೆಯಲ್ಲಿ ದೂರು. ಖಾಸಗಿ ಕಂಪನಿಗಳನ್ನೆಲ್ಲ ಒಳಗೊಳ್ಳುವ ಒಂದೇ ಸಮಗ್ರ ತಾರತಮ್ಯ ವಿರೋಧಿ ಕಾಯ್ದೆ ನಮ್ಮಲ್ಲಿಲ್ಲ. ಸರ್ಕಾರಿ ನೌಕರಿಗೆ ಸಂವಿಧಾನದ 16ನೆಯ ವಿಧಿಯ ಆಸರೆಯಿದೆ, ಖಾಸಗಿಯವರಿಗೆ ಹೆಚ್ಚಾಗಿ ಕಂಪನಿಯ ನೀತಿಸಂಹಿತೆಯೇ ಗತಿ. ಇನ್ನೊಂದು ಕೆನ್ನೆ ತೋರಿಸು ಎಂಬುದನ್ನು ನಿಮಗೆ ಅನ್ವಯಿಸಿಕೊಳ್ಳುವುದು ನಿಮ್ಮಿಷ್ಟ. ಆದರೆ ನಿಮ್ಮ ತಂಡದಲ್ಲಿ ಒಬ್ಬ ಮುಸ್ಲಿಂ ಹುಡುಗನಿಗೆ ಇಂಥದ್ದೇ ಮಾತು ಬಿದ್ದಾಗ ನೀವು ಅವನ ಕೆನ್ನೆಯನ್ನು ದಾನ ಮಾಡುವಂತಿಲ್ಲ. ಅಲ್ಲಿ ತಕ್ಷಣ, ಎಲ್ಲರ ಮುಂದೆ ಮಾತಾಡಬೇಕು.

ನಾನು ಕ್ರೈಸ್ತಳಲ್ಲ. ನಮ್ಮ ಮೇಡಂ ಪ್ರತಿ ತಿಂಗಳೂ ಪ್ರಾರ್ಥನಾ ಕೂಟಕ್ಕೆ ಕರೆಯುತ್ತಾರೆ. ಹೋಗದಿದ್ದರೆ ಬಡ್ತಿಗೆ ತೊಂದರೆಯಾದೀತೇ?

ಈ ಭಯ ನಿಮಗಿದೆ ಎಂಬುದೇ ಅವರು ಎಡವಿದ್ದಾರೆ ಎನ್ನಲು ಸಾಕು. ಅವರಿಗೆ ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ. ಎಷ್ಟೋ ಜನಕ್ಕೆ ತಮ್ಮ ಕುರ್ಚಿಯ ನೆರಳು ಎಷ್ಟು ದೂರ ಬೀಳುತ್ತದೆಂದು ಗೊತ್ತಿರುವುದಿಲ್ಲ. ‘ಮೇಡಂ, ನಿಮ್ಮ ವಿಶ್ವಾಸದ ಮೇಲೆ ಗೌರವವಿದೆ, ನನಗೆ ಬರಲು ಇಷ್ಟವಿಲ್ಲ, ದಯವಿಟ್ಟು ಇನ್ನು ಕರೆಯಬೇಡಿ’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ. ಪ್ರತಿ ಸಲ ಹೊಸ ನೆಪ ಹೇಳಿದರೆ ಅವರು ಮುಂದಿನ ತಿಂಗಳೂ ಕರೆಯುತ್ತಾರೆ. ಮಾತಾಡಿದ ದಿನಾಂಕ ಬರೆದಿಟ್ಟುಕೊಳ್ಳಿ. ಆಮೇಲೂ ನಿಲ್ಲದಿದ್ದರೆ ಅಥವಾ ಅಂಕಗಳು ದಿಢೀರನೆ ಇಳಿದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗಿ. ಅಲ್ಲಿ ನಿಮ್ಮ ದೂರು ಕ್ರೈಸ್ತ ಧರ್ಮದ ವಿರುದ್ಧವಲ್ಲ, ಅಧಿಕಾರದ ದುರ್ಬಳಕೆಯ ವಿರುದ್ಧ ಎಂದೇ ಬರೆಯಿರಿ. ಸತ್ಯನಾರಾಯಣ ಪೂಜೆಗೆ ಬರಲೇಬೇಕೆಂದು ಒತ್ತಾಯಿಸುವ ಮ್ಯಾನೇಜರ್‌ಗೂ ಇದೇ ಮಾತು.

ಚರ್ಚ್ ನಡೆಸುವ ಶಾಲೆ, ಆಸ್ಪತ್ರೆಗಳಿಗೂ ಇದೆಲ್ಲ ಅನ್ವಯವೇ?

ಅವುಗಳ ಸ್ವರೂಪ ಬೇರೆ. 30ನೆಯ ವಿಧಿಯಡಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕಿದೆ. ಬೆಳಗ್ಗೆ ಪ್ರಾರ್ಥನೆ, ಗೋಡೆಯ ಮೇಲೆ ಶಿಲುಬೆ ಅಲ್ಲಿ ಸಹಜ. ಆದರೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೆ ಯಾರನ್ನೂ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ ಎಂದು 28ನೆಯ ವಿಧಿ ಹೇಳುತ್ತದೆ. ದಾದಿಯರ ಸಂಬಳ, ಪಾಳಿ, ಹೆರಿಗೆ ರಜೆಯ ವಿಷಯದಲ್ಲಿ ‘ಇದು ಸೇವೆ’ ಎಂಬ ಮಾತನ್ನು ಅಡ್ಡ ತರುವ ಆಡಳಿತ ಮಂಡಳಿಗಳು ಯಾಕೋಬನ ಪತ್ರದ ಐದನೆಯ ಅಧ್ಯಾಯ ತೆರೆದು ನೋಡಲಿ. ಹಿಡಿದಿಟ್ಟ ಕೂಲಿ ಅಲ್ಲಿ ಕೂಗುತ್ತಿದೆ.

ಕಚೇರಿಯಲ್ಲಿ ಕ್ರಿಸ್‌ಮಸ್ ಆಚರಿಸಬೇಕೆಂದು ತಂಡದವರೇ ಕೇಳುತ್ತಾರೆ. ಹೇಗೆ ಮಾಡಲಿ?

ಸಂತೋಷವಾಗಿ ಮಾಡಿ. ದಸರಾಕ್ಕೆ, ಈದ್‌ಗೆ ಕಂಪನಿ ಎಷ್ಟು ಖರ್ಚು ಮಾಡಿತೋ ಅಷ್ಟೇ; ನಿಮ್ಮ ಹಬ್ಬವೆಂದು ಒಂದು ರೂಪಾಯಿಯೂ ಹೆಚ್ಚು ಬೇಡ. ನಕ್ಷತ್ರದ ಗೂಡುದೀಪ, ಯೇಸುವಿನ ಜನನದೃಶ್ಯ ತೋರಿಸುವ ಗೋದಲಿ ಇಡಲು ಬಯಸಿದರೆ ಇಡಿ, ಕ್ಯಾರಲ್ ಹಾಡಲು ಇಷ್ಟವಿದ್ದವರು ಹಾಡಲಿ, ಪ್ರವಚನ ಬೇಡ. ಮನೆಯಲ್ಲಿ ಮಾಡಿದ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ತಂದರೆ ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸಿನ ತಟ್ಟೆ ಹತ್ತು ನಿಮಿಷದಲ್ಲಿ ಖಾಲಿ. ತಟ್ಟೆಯ ಮುಂದೆ ಯಾವುದರಲ್ಲಿ ಮೊಟ್ಟೆಯಿದೆ ಎಂದು ಚೀಟಿ ಇಡಿ. ಪ್ಲಮ್ ಕೇಕಿನಲ್ಲಿ ರಮ್ ಇರುವುದುಂಟು, ಇದ್ದರೆ ಮುಸ್ಲಿಂ ಸಹೋದ್ಯೋಗಿಗಳಿಗೆ ಅದನ್ನು ಮೊದಲೇ ಹೇಳಿ. ಜೈನರಿಗೆ, ಸಸ್ಯಾಹಾರಿಗಳಿಗೆ ಮೊಟ್ಟೆಯಿಲ್ಲದ, ಮದ್ಯವಿಲ್ಲದ ಕೇಕನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಚಾಕುವಿನೊಂದಿಗೆ. ಡಿಸೆಂಬರ್ ಮೂರನೆಯ ವಾರಕ್ಕೆ ಬೇಕರಿಗಳಲ್ಲಿ ಮೊಟ್ಟೆಯಿಲ್ಲದ ಪ್ಲಮ್ ಕೇಕ್ ಸಿಗುವುದು ಕಷ್ಟ, ಮುಂಚೆಯೇ ಹೇಳಿಡಿ.